ಊರಿಗೆ ಹಲವು ಕಸುಬು, ನಮ್ಮ ಮನೆಗೆ ಎಷ್ಟು?



ನಮ್ಮ ಕೆ.ಜಿ.ಎಫ್. ಕಥೆ ನಿಮಗೆ ಹೊಸದಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಗಣಿ ಸಂಬಳವನ್ನೇ ನಂಬಿದ್ದ ದಿನಸಿ ಅಂಗಡಿ, ಟೈಲರ್, ಟೀ ಅಂಗಡಿಗಳೂ ಸೊರಗಿದವು. ಇವತ್ತು ನಮ್ಮ ಹುಡುಗರು ಕತ್ತಲಲ್ಲೇ ಎದ್ದು ಬೆಂಗಳೂರು ರೈಲು ಹತ್ತುತ್ತಾರೆ.

ಅದಕ್ಕೇ ನಾವು, 'ಒಂದೇ ಉದ್ಯಮ ನಂಬಬಾರದು, ಹಲವು ಇದ್ರೆ ಊರು ಉಳಿಯುತ್ತೆ' ಅಂತೀವಿ. ಮಾತು ಸರಿ, ಆದ್ರೆ ಅರ್ಧ.

ತಮಿಳುನಾಡಿನ ತೇನಿ ಜಿಲ್ಲೆ ನೋಡಿ. 1895ರಲ್ಲಿ ಕಟ್ಟಿ ಮುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಕಂಬಂ ಕಣಿವೆಗೆ ಬರುತ್ತೆ. ಭತ್ತ, ಬಾಳೆ, ದ್ರಾಕ್ಷಿ ಬೆಳೀತಾರೆ. ಬೋಡಿನಾಯಕನೂರಲ್ಲಿ ಏಲಕ್ಕಿ ಹರಾಜು, ಆಂಡಿಪಟ್ಟಿ ಕಡೆ ಮಗ್ಗ, ತೇನಿಯಲ್ಲಿ ನೂಲಿನ ಗಿರಣಿ. ಪಕ್ಕದ ದಿಂಡಿಗಲ್‌ನಲ್ಲಿ ಬೀಗ, ಚರ್ಮ, ಚಿನ್ನಾಳಪಟ್ಟಿಯ ಸೀರೆ. ಒಂದು ಕುಸಿದರೆ ಇನ್ನೊಂದು ಕೈ ಹಿಡಿಯಬೇಕು.

ಆದ್ರೆ ಕಣಿವೆಯಲ್ಲಿ ಭೂಮಿ ಇಲ್ಲದ ಎಷ್ಟೋ ಹೆಂಗಸರು ನಸುಕಿಗೇ ಜೀಪ್ ಹತ್ತಿ, ಗಡಿ ದಾಟಿ, ಇಡುಕ್ಕಿಯ ಏಲಕ್ಕಿ ತೋಟಕ್ಕೆ ಕೂಲಿಗೆ ಹೋಗ್ತಾರೆ. 2011ರ ಡಿಸೆಂಬರ್‌ನಲ್ಲಿ ಅಣೆಕಟ್ಟಿನ ಗಲಾಟೆಗೆ ಗಡಿ ದಾರಿ ಬಂದಾಯ್ತು. 2020ರಲ್ಲಿ ಲಾಕ್‌ಡೌನ್‌ಗೆ ಮತ್ತೆ ಬಂದಾಯ್ತು. ಅಂಥಾ ದಿನ ಕೂಲಿ ನಿಂತರೆ ಜೀಪಿನವನ ಬಾಡಿಗೆ ನಿಲ್ಲುತ್ತೆ, ಬೀದಿ ಅಂಗಡಿಯ ಸಾಲ ಏರುತ್ತೆ. ಲೆಕ್ಕಕ್ಕೆ ಮೂರು ಕಸುಬು, ಬೇರು ಮಾತ್ರ ಒಂದೇ. ವೈವಿಧ್ಯ ಜಿಲ್ಲೆಗಿತ್ತು, ಆ ಮನೆಗಳಿಗಿರಲಿಲ್ಲ.

ಹಾಗಂತ ಯಾವ ಉದ್ಯಮ ಬಂದರೂ ಒಳ್ಳೇದು ಅನ್ನೋ ಹಾಗೂ ಇಲ್ಲ. ದಿಂಡಿಗಲ್‌ನ ಚರ್ಮ ಹದಮಾಡುವ ಕಾರ್ಖಾನೆಗಳ ಹೊಲಸು ನೀರು ಸುತ್ತಲಿನ ಬಾವಿಗಳನ್ನ ಕೆಡಿಸಿ ಬೇಸಾಯಕ್ಕೆ ಪೆಟ್ಟು ಕೊಟ್ಟಿತು.

ಜಾತಿ ಮಾಡಿದ್ದೂ ಇದನ್ನೇ ಅಲ್ವಾ? ಊರಲ್ಲಿ ನೂರು ಕಸುಬಿದ್ದರೂ ನಮ್ಮನ್ನ ಒಂದೇ ಕಸುಬಿಗೆ ಕಟ್ಟಿಹಾಕಿತು. ಹೊಸ ಕಾರ್ಖಾನೆ ಬರಲಿ ಅಂತ ಕೇಳೋಣ. ಜೊತೆಗೆ ಅದರ ಬಾಗಿಲು ನಮಗೂ ತೆರೆದಿದೆಯಾ ಅಂತಲೂ ಕೇಳೋಣ.

ತಮ್ಮಂದಿರೇ, ತಂಗಿಯರೇ, ಎಲ್ಲರೂ ಒಂದೇ ಕೋರ್ಸಿಗೆ, ಒಂದೇ ರೈಲಿಗೆ ಓಡಬೇಡಿ. ಒಬ್ಬರು ಐ.ಟಿ.ಐ.ನಲ್ಲಿ ಫಿಟ್ಟರ್ ಆಗಿ, ಒಬ್ಬರು ನರ್ಸಿಂಗ್ ಓದಿ, ಇನ್ನೊಬ್ಬರು ಅಂಬೇಡ್ಕರ್ ಅಭಿವೃದ್ಧಿ ನಿಗಮದ ಸಾಲಕ್ಕೆ ಅರ್ಜಿ ಹಾಕಿ. ಅರ್ಜಿ ತುಂಬಿಕೊಡೋ ಕೆಲಸ ಸಂಘ ವಹಿಸಿಕೊಳ್ಳಲಿ. ಒಂದು ಮನೆಯ ಎರಡು ದುಡಿಮೆ ಒಂದೇ ದಿನ ನಿಲ್ಲಬಾರದು. ನಾನು ಕೇಳೋದು ಇಷ್ಟೇ.

ಜೈ ಭೀಮ್.