ಗೌನಿನ ಒಳಮೈ

18ನೆಯ ಶತಮಾನದ ಫ್ರೆಂಚ್ ರೇಷ್ಮೆ ಗೌನಿನ ಪ್ರತಿಕೃತಿಯನ್ನು ಇಂದು ಕೈಯಿಂದಲೇ ಹೊಲಿಯಬೇಕೆ? ಬೇಕು ಎನ್ನುತ್ತೇನೆ. ಉಳಿದುಬಂದ ಅಂಥ ಗೌನುಗಳ ಒಳಮೈ ನೋಡಿ: ಮೈಗೆ ಬಿಗಿಯಾಗಿ ಕೂರಬೇಕಾದ ಮೇಲ್ಭಾಗದಲ್ಲಿ ಒತ್ತಾದ ಹೊಲಿಗೆ, ಕೆಳಗಿನ ಲಂಗದಲ್ಲಿ ಉದ್ದುದ್ದ ಸಡಿಲ ಹೊಲಿಗೆ. ಇದು ಅಸಡ್ಡೆಯಲ್ಲ. ಆಗ ಹೊಲಿಗೆಯ ಕೂಲಿಗಿಂತ ರೇಷ್ಮೆ ಬಲು ದುಬಾರಿ; ಬಿಚ್ಚಿ ಹೊಸ ಮಾದರಿಗೆ ಮತ್ತೆ ಹೊಲಿಯಲು ಬಟ್ಟೆ ಕೆಡದೆ ಉಳಿಯಬೇಕಿತ್ತು. ಉಡುಪು ಇತಿಹಾಸಕಾರ್ತಿ ಜಾನೆಟ್ ಆರ್ನಾಲ್ಡ್ 1964ರಿಂದ ಪ್ರಕಟಿಸಿದ, ಹಳೆಯ ಉಡುಪುಗಳನ್ನೇ ಅಳೆದು ಬರೆದ ನಕ್ಷೆಗಳು ಇಂಥ ಕೆಲಸಕ್ಕೆ ದೊಡ್ಡ ಆಸರೆ. ಆದರೂ ಆ ಮಿತವ್ಯಯ ಕೈಗೆ ಅರಿವಾಗುವುದು ಸೂಜಿ ಹಿಡಿದಾಗಲೇ.

ಒಳಗಿನ ಹೊಲಿಗೆ ಯಾರಿಗೂ ಕಾಣದು, ಯಂತ್ರ ಸಾಲದೆ ಎಂಬ ಆಕ್ಷೇಪ ನ್ಯಾಯವೇ. ನಾಟಕದ ವೇಷಕ್ಕೆ ಖಂಡಿತ ಸಾಕು. ಆದರೆ ಯಂತ್ರದ ಒಂದೇ ಸಮನಾದ ಬಿಗಿತ ರೇಷ್ಮೆ ಇಳಿಬೀಳುವ ರೀತಿಯನ್ನೇ ಬದಲಿಸಿಬಿಡುತ್ತದೆ. ಸುಲಭವಾಗಿ ಬಿಚ್ಚಬಲ್ಲ ಆ ಹಳೆಯ ಜಾಣ್ಮೆಗೆ ಅಲ್ಲಿ ಜಾಗವೇ ಇರುವುದಿಲ್ಲ.