ಯಾಕೆ ಎಂಬುದು ಗೊತ್ತಿದ್ದವರು



ಎಳ್ಳಮಾವಾಸ್ಯೆ ಬಂತೆಂದರೆ ಕಲಬುರಗಿ ಸೀಮೆಯಲ್ಲಿ ಊರಿಗೆ ಊರೇ ಹೊಲದಲ್ಲಿರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಎಲ್ಲಿ ಹೋದರೂ ಅದೇ ಸಡಗರ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಬುಟ್ಟಿ ಹೊತ್ತು ಹೋಗಿ ಮೊದಲು ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ. ಆಮೇಲೆ ಹಾದಿಯಲ್ಲಿ ಹೋಗುವವರನ್ನೂ ಕರೆದು ಕೂಡಿಸಿಕೊಂಡು ಉಣ್ಣುತ್ತಾರೆ. ಯಾರೂ ಯಾರಿಗೂ ಆಜ್ಞೆ ಮಾಡಿರುವುದಿಲ್ಲ. ಉಣಿಸಿ ಉಣ್ಣಬೇಕೆಂಬುದು ಎಲ್ಲರಿಗೂ ಗೊತ್ತು, ಅಷ್ಟೇ.

ಇಂಥ ನೆಲದಲ್ಲಿ, ಹಳೆಯ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ, ಹದಿನೆಂಟನೆಯ ಶತಮಾನದಲ್ಲಿ ಶರಣಬಸವೇಶ್ವರರು ಹುಟ್ಟಿದರು. ಒಕ್ಕಲುತನದ ಮನೆ. ಜೋಳದ ಹೊಲ ಕಾಯಲು ಹೋದ ಶರಣರು ಹಕ್ಕಿಗಳನ್ನು ಓಡಿಸಲಿಲ್ಲ, ಉಂಡು ಹೋಗಲಿ ಎಂದು ಬಿಟ್ಟರು, ಕುಡಿಯಲು ನೀರನ್ನೂ ಇಟ್ಟರು ಎಂದು ನಮ್ಮ ಹಿರಿಯರು ಇವತ್ತಿಗೂ ಕತೆ ಹೇಳುತ್ತಾರೆ. ಆದರೂ ರಾಶಿಗೆ ಕೊರತೆ ಬೀಳಲಿಲ್ಲವಂತೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನಾನು ಗಮನಿಸುವುದು ಬೇರೊಂದನ್ನು. ವರ್ಷಕ್ಕೊಮ್ಮೆ ಜನ ಮಾಡುತ್ತಿದ್ದುದನ್ನು ಈ ಒಕ್ಕಲಿಗ ವರ್ಷವಿಡೀ ಮಾಡಹೊರಟರು. ಹೊಸ ಮಾತೇನನ್ನೂ ಹೊರಗಿನಿಂದ ತರಲಿಲ್ಲ. ಜನರಲ್ಲಿ ಮೊದಲೇ ಇದ್ದ ಒಳ್ಳೆಯತನವನ್ನು ಹಿಡಿದು ಅದರ ಎಲ್ಲೆಯನ್ನು ಹಿಗ್ಗಿಸಿದರು.

ಮುಂದೆ ಅರಳಗುಂಡಗಿ ಬಿಟ್ಟು ಕಲಬುರಗಿಗೆ ಬಂದರು. ಬಂದವರಿಗೆಲ್ಲ ಉಣಿಸುವ ದಾಸೋಹ ಅಲ್ಲಿಯೂ ನಿಲ್ಲಲಿಲ್ಲ. ಹಸಿದು ಬಂದವರು ಉಂಡು ಹೋಗಬೇಕು: ಅವರ ಇಡೀ ಬದುಕನ್ನು ನಮ್ಮ ಮಾತಿನಲ್ಲಿ ಹೀಗೆ ಒಂದೇ ಸಾಲಿನಲ್ಲಿ ಹೇಳಬಹುದು. ಓದು ಬಾರದ ಮುದುಕಿಗೂ ಇದು ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಇದರಲ್ಲಿ ಎಲ್ಲರಿಗೂ ಕೆಲಸವಿದೆ. ಒಬ್ಬರು ಜೋಳ ತರಬಹುದು, ಒಬ್ಬರು ಕಟ್ಟಿಗೆ ಒಡೆಯಬಹುದು, ಏನೂ ಇಲ್ಲದವರು ರೊಟ್ಟಿ ಬಡಿಯಬಹುದು. ಉದ್ದೇಶ ಸ್ಪಷ್ಟವಾಗಿದ್ದರೆ ಜನ ಕೆಲಸವನ್ನು ತಾವೇ ಹುಡುಕಿಕೊಳ್ಳುತ್ತಾರೆ.

1822ರಲ್ಲಿ ಶರಣರು ಲಿಂಗೈಕ್ಯರಾದರು. ಎರಡು ನೂರು ವರ್ಷ ದಾಟಿದರೂ ಆ ದಾಸೋಹ ನಡೆದಿದೆ. ನಡೆದದ್ದಷ್ಟೇ ಅಲ್ಲ, ಬೆಳೆದಿದೆ. 1930ರ ದಶಕದಲ್ಲಿ, ನಿಜಾಮನ ಆಳ್ವಿಕೆಯಲ್ಲಿ ಉರ್ದುವಿನದೇ ಮೇಲುಗೈ ಇದ್ದಾಗ, ಶರಣರ ಪೀಠದ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಹಸಿವು ಹೊಟ್ಟೆಗೆ ಮಾತ್ರವಲ್ಲ, ತಲೆಗೂ ಇರುತ್ತದೆ ಎಂದು ಅವರು ಕಂಡುಕೊಂಡರು. ಅವರ ನಂತರ ಬಂದ ಶರಣಬಸವಪ್ಪ ಅಪ್ಪ ಅವರ ಕಾಲದಲ್ಲಿ, 2017ರಲ್ಲಿ, ಈ ವಿದ್ಯೆಯ ಕೆಲಸ ವಿಶ್ವವಿದ್ಯಾಲಯದವರೆಗೂ ಬಂತು. ರೂಪ ಬದಲಾಯಿತು, ಉದ್ದೇಶ ಬದಲಾಗಲಿಲ್ಲ: ಹಸಿದವರು ಬರಿಗೈಯಲ್ಲಿ ಹೋಗಬಾರದು.

ನಾಯಕ ಎದುರಿಗಿದ್ದಾಗ ಜನ ದುಡಿಯುವುದು ದೊಡ್ಡ ಮಾತಲ್ಲ. ಅವನು ಕಣ್ಣಿಗೆ ಕಾಣದಿದ್ದಾಗ ಏನಾಗುತ್ತದೆ? ಇದಕ್ಕೂ ನಮ್ಮ ಭಾಗದಲ್ಲೇ ಉತ್ತರವಿದೆ. ಸ್ವಾಮಿ ರಮಾನಂದ ತೀರ್ಥರು 1903ರಲ್ಲಿ ಹುಟ್ಟಿದ್ದು ಅಫಜಲಪುರ, ಜೇವರ್ಗಿಗಳ ಪಕ್ಕದ ಸಿಂದಗಿಯಲ್ಲಿ. ಶಾಲಾ ಮಾಸ್ತರರಾಗಿದ್ದವರು. ಅವರು ಮುನ್ನಡೆಸಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿಗೆ 1938ರಲ್ಲಿ ಹುಟ್ಟುತ್ತಲೇ ನಿಷೇಧ ಬಿತ್ತು. 1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸುತ್ತಿದ್ದಾಗ ನಿಜಾಮನ ಸರ್ಕಾರ ಅವರನ್ನು ಬಂಧಿಸಿತು. ಹೈದರಾಬಾದನ್ನು ಭಾರತಕ್ಕೆ ಸೇರಿಸಲು ನಡೆದ ಮುಂದಿನ ವರ್ಷದ ಹೋರಾಟದ ಬಹುಕಾಲ ಅವರು ಜೈಲಿನಲ್ಲೇ ಇದ್ದರು.

ನಾಯಕ ಒಳಗೆ ಹೋದರೆಂದು ಹೋರಾಟ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಆಳಂದ ದಾಟಿದರೆ ನಿಜಾಮನ ಆಳ್ವಿಕೆಗೆ ಸೇರದ ಸೊಲ್ಲಾಪುರ ಜಿಲ್ಲೆ. ಆ ಗಡಿಯಾಚೆ ಶಿಬಿರಗಳು ಎದ್ದವು. ನಿಜಾಮನ ಪರ ನಿಂತ ರಜಾಕಾರರ ಭಯದ ನಡುವೆಯೂ ಹಳ್ಳಿಯ ಹುಡುಗರು ಅಲ್ಲಿಗೆ ಹೋಗಿ ಸೇರಿಕೊಂಡರು. ದಿನದಿನವೂ ಅಪ್ಪಣೆ ಕೊಡಲು ರಮಾನಂದ ತೀರ್ಥರು ಅಲ್ಲಿರಲಿಲ್ಲ. ನಮ್ಮ ನಾಡು ಭಾರತಕ್ಕೆ ಸೇರಬೇಕು ಎಂಬ ಒಂದು ಮಾತು ಅವರ ಬದಲಿಗೆ ಅಲ್ಲಿತ್ತು. 1948ರ ಸೆಪ್ಟೆಂಬರ್ 17ರಂದು ಅದು ಕೈಗೂಡಿತು.

ಹೀಗೆ ಮಾತಿನಿಂದಲೇ ಜನರನ್ನು ಎಬ್ಬಿಸಿದ ಇನ್ನೊಬ್ಬರನ್ನೂ ನೆನೆಯಬೇಕು. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರು. ಅವರ ಬಳಿ ಸೈನ್ಯವಿರಲಿಲ್ಲ, ಖಜಾನೆಯೂ ಇರಲಿಲ್ಲ. ಏಕತಾರಿಯ ಮೇಲೆ ಹಾಡುವ ತತ್ವಪದಗಳಿದ್ದವು. ಚೆನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ರಾಂಪುರದ ಬಕ್ಕಪ್ಪ, ಹೀಗೆ ಬೇರೆ ಬೇರೆ ಮನೆತನ, ಮತಗಳವರು ಅವರ ಶಿಷ್ಯರಾದರು. ಈ ಶಿಷ್ಯರು ಗುರುವಿನ ಪದವನ್ನಷ್ಟೇ ಒಪ್ಪಿಸುತ್ತ ಕೂರಲಿಲ್ಲ. ಸ್ವಂತ ಪದ ಕಟ್ಟಿ ಹಾಡಿದರು. ನಿಜವಾದ ಪ್ರೇರಣೆಯ ಗುರುತು ಇದೇ. ಅದು ತನ್ನಂಥವರನ್ನು ಅಚ್ಚು ಹೊಯ್ಯುವುದಿಲ್ಲ, ಒಬ್ಬೊಬ್ಬರಿಂದಲೂ ಅವರವರ ದನಿಯನ್ನೇ ಹೊರಡಿಸುತ್ತದೆ.

ಇಷ್ಟು ದೊಡ್ಡವರ ಮಾತು ನಮಗೆ ಯಾಕೆ ಅನ್ನಿಸಬಹುದು. ಆದರೆ ಸ್ವಸಹಾಯ ಸಂಘ ನಡೆಸುವ ತಾಯಿ, ಶಾಲೆಯ ಮುಖ್ಯ ಗುರುಗಳು, ಗ್ರಾಮ ಪಂಚಾಯತಿಯ ಅಧ್ಯಕ್ಷರು, ತೊಗರಿ ರಾಶಿಗೆ ಆಳು ಕೂಡಿಸುವ ರೈತ, ಇವರೂ ನಾಯಕರೇ. ಇವರೆಲ್ಲರ ದೂರು ಒಂದೇ: ಎಷ್ಟು ಹೇಳಿದರೂ ಯಾರೂ ಮನಸ್ಸಿಟ್ಟು ಮಾಡುವುದಿಲ್ಲ. ಏನು ಮಾಡಬೇಕು, ಎಷ್ಟೊತ್ತಿಗೆ ಮಾಡಬೇಕು ಎಂದು ನಾವು ದಿನವೂ ಹೇಳುತ್ತೇವೆ. ಯಾಕೆ ಎಂಬುದನ್ನು ಕೆಲಸದ ಮೊದಲ ದಿನ ಹೇಳಿ ಮರೆತುಬಿಡುತ್ತೇವೆ. ಕೆಲವೊಮ್ಮೆ ಅದೂ ಇಲ್ಲ. ಸಾಲದ ಕಂತು ತುಂಬಲಿಕ್ಕೆಂದೇ ಸೇರುವ ಸಂಘ ಸಾಲ ಮುಗಿದ ದಿನ ಮುಗಿಯುತ್ತದೆ. ನಮ್ಮೂರ ಹೆಣ್ಣುಮಕ್ಕಳು ಬಡ್ಡಿಯವರ ಬಾಗಿಲಿಗೆ ಹೋಗಬಾರದು ಎಂದು ಸೇರುವ ಸಂಘಕ್ಕೆ ಮುಂದಿನ ವಾರವೂ ಕೆಲಸವಿರುತ್ತದೆ.

ಒಂದು ಎಚ್ಚರಿಕೆಯೂ ಬೇಕು. ಉದ್ದೇಶವನ್ನು ಗೋಡೆಯ ಮೇಲೆ ಚಂದಾಗಿ ಬರೆಸಿದ ಮಾತ್ರಕ್ಕೆ ಜನ ನಂಬುವುದಿಲ್ಲ. ಹಸಿದವರು ಉಣ್ಣಬೇಕು ಎಂದವರು ಮೊದಲು ತಮ್ಮ ಹೊಲದ ಜೋಳ ಕೊಟ್ಟರು. ನಾಡು ಬಿಡುಗಡೆಯಾಗಬೇಕು ಎಂದವರು ಮೊದಲು ತಾವೇ ಜೈಲಿಗೆ ಹೋದರು. ಹೇಳುವವನಿಗೆ ಏನೂ ಖರ್ಚಾಗದ ಉದ್ದೇಶಕ್ಕೆ ಕೇಳುವವನೂ ಏನನ್ನೂ ಕೊಡುವುದಿಲ್ಲ.

ಇವತ್ತು ಕೆಲಸಕ್ಕೆ ಹೋದಾಗ ನಿಮ್ಮ ಜೊತೆಯವರನ್ನು ಒಬ್ಬೊಬ್ಬರಾಗಿ ಕೇಳಿ ನೋಡಿ: ನಾವು ಇದನ್ನು ಯಾಕೆ ಮಾಡುತ್ತಿದ್ದೇವೆ? ಎಲ್ಲರಿಂದಲೂ ಒಂದೇ ಉತ್ತರ ಬಂದರೆ ನೀವು ನಾಲ್ಕು ದಿನ ಊರಿಗೆ ಹೋಗಿ ಬರಬಹುದು, ಕೆಲಸ ನಡೆದಿರುತ್ತದೆ. ಒಬ್ಬೊಬ್ಬರು ಒಂದೊಂದು ಹೇಳಿದರೆ ಅವರ ಮೇಲೆ ಸಿಟ್ಟು ಮಾಡಬೇಡಿ. ಆ ಉತ್ತರವನ್ನು ಕೂಡಿ ಕುಳಿತು ಕಂಡುಕೊಳ್ಳುವುದೇ ಇವತ್ತಿನ ಮೊದಲ ಕೆಲಸವಾಗಲಿ.