ಬೀಜಕ್ಕೆ ಒಡೆಯರು ಯಾರು?

(ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಮಾಡಿದ ಭಾಷಣದ ಸಾರ)



ಮೆಕ್ಕೆಜೋಳದ ಈ ಸೀಮೆಯ ರೈತರು ಪ್ರತಿವರ್ಷವೂ ಹೈಬ್ರಿಡ್ ಬೀಜ ಕೊಳ್ಳಬೇಕು. ಬೆಳೆದ ಕಾಳನ್ನೇ ಮತ್ತೆ ಬಿತ್ತಿದರೆ ಮೊದಲಿನ ಗುಣ ಉಳಿಯದು. ಮಲೆನಾಡಿನ ಹಿತ್ತಿಲ ನಾಟಿ ಬದನೆ ಹಾಗಲ್ಲ. ತಾಯಂದಿರು ಅದರ ಬೀಜವನ್ನು ಕಾಪಿಟ್ಟು, ನೆರೆಮನೆಗೂ ಹಂಚಿ ಉಳಿಸಿದ್ದಾರೆ.

ಮಲಾಪುರ ಲೋಕಲ್, ಉಡುಪಿ ಲೋಕಲ್ ಮೊದಲಾದ ಇಂಥ ತಳಿಗಳಿಗೇ ಬಿ.ಟಿ. ವಂಶವಾಹಿ ಸೇರಿಸುವ ಕೆಲಸವನ್ನು ಮಹಿಕೊ ಕಂಪನಿಯೊಡನೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೈಗೊಂಡಿತು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬಿ.ಟಿ. ಬದನೆಯನ್ನು ತಡೆಹಿಡಿಯಿತು. ಅದೇ ತಿಂಗಳು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಮತ್ತೊಂದು ದೂರನ್ನಿತ್ತಿತು: 2002ರ ಜೀವವೈವಿಧ್ಯ ಕಾಯ್ದೆಯಂತೆ ಅನುಮತಿ ಪಡೆಯದೆ, ಸ್ಥಳೀಯರನ್ನು ಕೇಳದೆ ಈ ತಳಿಗಳನ್ನು ಬಳಸಲಾಗಿದೆ ಎಂದು.

ಒಂದು ವಂಶವಾಹಿಯನ್ನು ಸೇರಿಸಿ, ಹೊಸ ಹೆಸರಿಟ್ಟು, ತಲೆಮಾರುಗಳ ಬದನೆಗೆ ಒಡೆತನ ಸಾರುವುದು ಯಾವ ನ್ಯಾಯ?

ಅದೇ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಜನತಾ ಜೀವವೈವಿಧ್ಯ ದಾಖಲಾತಿಯೂ ಇರಬೇಕು. ಊರಿನ ಹಿಡಿತದಲ್ಲಿದ್ದರೆ ಆ ದಾಖಲಾತಿ ನಮ್ಮ ಹಕ್ಕಿಗೆ ಸಾಕ್ಷಿ. ಕೈತಪ್ಪಿದರೆ ದೋಚುವವರಿಗೆ ದಾರಿ ತೋರುವ ನಕ್ಷೆ. ವಿದ್ಯಾರ್ಥಿಗಳೇ, ರಜೆಗೆ ಊರಿಗೆ ಹೋದಾಗ ಅದನ್ನು ಕೇಳಿ ಓದಿರಿ. ಬರೆಯದೆ ಬಿಟ್ಟಿದ್ದರೆ ಹಿರಿಯರ ಜೊತೆ ಕುಳಿತು ಬರೆಯಿಸಿರಿ. ತಾಯಂದಿರೇ, ಬೀಜ ಹಂಚುವುದನ್ನು ನಿಲ್ಲಿಸದಿರಿ.